ಅಸ್ಥಿಪಂಜರ ಕರಾವಳಿಯ ಬಿಡಾರಗಳು

1942ರ ನವೆಂಬರ್ 29ರ ರಾತ್ರಿ. ಮಧ್ಯಪ್ರಾಚ್ಯದಲ್ಲಿ ಕಾದಾಡುತ್ತಿದ್ದ ಸೇನೆಗೆ ಯುದ್ಧಸಾಮಗ್ರಿ ಹೊತ್ತು ಆಫ್ರಿಕಾ ಖಂಡವನ್ನು ಬಳಸಿ ಹೊರಟಿದ್ದ ಡನೀಡಿನ್ ಸ್ಟಾರ್ ಎಂಬ ಬ್ರಿಟಿಷ್ ಹಡಗಿನ ತಳ ಕತ್ತಲಲ್ಲಿ ಯಾವುದಕ್ಕೋ ಬಡಿದು ಸೀಳಿತು. ಹಡಗಿನಲ್ಲಿದ್ದವರು 106 ಮಂದಿ. ನಡುನೀರಿನಲ್ಲಿ ಮುಳುಗುವುದಕ್ಕಿಂತ ದಡ ಹತ್ತಿಸುವುದೇ ಮೇಲೆಂದು ಕಪ್ತಾನ ಹಡಗನ್ನು ನೆಲದ ಕಡೆಗೆ ನುಗ್ಗಿಸಿದ. ಬೆಳಕು ಹರಿದಾಗ ಎದುರಿಗಿದ್ದದ್ದು ಮರಳು, ಅದರಾಚೆ ಮತ್ತೆ ಮರಳು. ಮೋಟಾರು ದೋಣಿಯಲ್ಲಿ 63 ಜನರನ್ನು ದಡಕ್ಕೆ ಸಾಗಿಸುವಷ್ಟರಲ್ಲಿ ಅಲೆಗಳ ಹೊಡೆತಕ್ಕೆ ದೋಣಿ ಕೆಟ್ಟಿತು. ಹೆಂಗಸರು, ಕೈಗೂಸುಗಳು, ನಾವಿಕರು ಎಲ್ಲರೂ ಸೇರಿ ತೇಲಿಬಂದ ಮರದ ತುಂಡುಗಳನ್ನು ಹುಗಿದು, ಅದರ ಮೇಲೆ ಬಟ್ಟೆ ಹೊದಿಸಿ ಒಂದು ಮರೆ ಕಟ್ಟಿಕೊಂಡರು. ಹಗಲಿನ ಬಿಸಿಲು, ರಾತ್ರಿಯ ಚಳಿ, ನಿಲ್ಲದೆ ಬೀಸುವ ಮರಳುಗಾಳಿ ಈ ಮೂರಕ್ಕೂ ಅದೊಂದೇ ರಕ್ಷೆ.

ಅವರನ್ನು ಬಿಡಿಸಲು ಹೋದವರಿಗೂ ಆ ತೀರ ಕರುಣೆ ತೋರಲಿಲ್ಲ. ಹಡಗಿನಲ್ಲೇ ಉಳಿದವರನ್ನು ಬೇರೆ ಹಡಗುಗಳು ಇಳಿಸಿಕೊಂಡವು, ನಿಜ. ಆದರೆ ವಾಲ್ವಿಸ್ ಬೇಯಿಂದ ಬಂದಿದ್ದ ಸರ್ ಚಾರ್ಲ್ಸ್ ಎಲಿಯಟ್ ಎಂಬ ಟಗ್ ಮರಳುವ ದಾರಿಯಲ್ಲಿ ರಾಕಿ ಪಾಯಿಂಟ್ ಬಳಿ ಬಂಡೆಗೆ ಸಿಕ್ಕಿತು. ಅದರ ಸಿಬ್ಬಂದಿಯಾಗಿದ್ದ ಆಂಗಸ್ ಮ್ಯಾಕಿಂಟೈರ್ ಮತ್ತು ಮಥಿಯಾಸ್ ಖೊರಸೆಬ್ ಸಮುದ್ರದ ಪಾಲಾದರು. ನೀರು, ಆಹಾರ ಇಳಿಸಲು ಬಂದ ವೆಂಚುರಾ ಬಾಂಬರ್ ವಿಮಾನ ಮರಳಿನಲ್ಲಿ ಹೂತುಹೋಯಿತು. ಮರುತಿಂಗಳು ಅದನ್ನು ಅಗೆದು ಮೇಲೆತ್ತಿ ಹಾರಿಸಿದರೆ, ಒಂದು ಗಂಟೆಯೊಳಗೆ ಸಮುದ್ರಕ್ಕೆ ಬಿತ್ತು. ಪೊಲೀಸರ ಟ್ರಕ್ಕುಗಳು ವಿಂಡ್‌ಹುಕ್‌ನಿಂದ ನೆಲದ ಮೇಲೆ ದಾರಿ ಹುಡುಕುತ್ತ, ಚಕ್ರಗಳನ್ನು ಮರಳಿನಿಂದ ಬಿಡಿಸಿಕೊಳ್ಳುತ್ತ ಹೆಣಗಿದವು. ಕೊನೆಗೆ ಡನೀಡಿನ್ ಸ್ಟಾರ್‌ನ ಎಲ್ಲರೂ ಬದುಕಿ ಬಂದರು. 1944ರಲ್ಲಿ ಜಾನ್ ಮಾರ್ಷ್ ಎಂಬ ಪತ್ರಕರ್ತ ಈ ಕಥನವನ್ನು ‘ಸ್ಕೆಲಿಟನ್ ಕೋಸ್ಟ್’ ಎಂಬ ಪುಸ್ತಕವಾಗಿ ಬರೆದ. ನಮೀಬಿಯಾದ ಉತ್ತರ ಕರಾವಳಿಗೆ ಅಸ್ಥಿಪಂಜರದ ಹೆಸರು ಜಗತ್ತಿನ ನಾಲಗೆಯ ಮೇಲೆ ನಿಂತದ್ದು ಆಗ.

ಇಂದು ಅದೇ ತೀರಕ್ಕೆ ಜನ ದೊಡ್ಡ ಹಣ ತೆತ್ತು, ಪುಟ್ಟ ವಿಮಾನ ಹತ್ತಿ, ಟೆಂಟಿನಲ್ಲಿ ಮಲಗಲು ಬರುತ್ತಾರೆ. ವಿದ್ಯುತ್ ತಂತಿಯಿಲ್ಲ, ಊರಿಲ್ಲ, ರಸ್ತೆಯೆಂದರೆ ಒಣಗಿದ ಹೊಳೆಯ ಪಾತ್ರ. ಗ್ಲ್ಯಾಂಪಿಂಗ್ ಎಂದು ಹೆಸರಾಗಿರುವ ಈ ಐಷಾರಾಮದ ಬಿಡಾರಗಳನ್ನು ಯಾರೂ ಮುಟ್ಟದ ನಾಡಿನ ಅನುಭವ ಎಂದು ಮಾರುವುದುಂಟು. ಚರಿತ್ರೆ ಹೇಳುವುದು ಬೇರೆ ಮಾತು. ಈ ತೀರವನ್ನು ಮುಟ್ಟಿದವರು, ಇಲ್ಲಿ ಬಾಳಿದವರು, ಇಲ್ಲಿಂದ ಎಬ್ಬಿಸಲ್ಪಟ್ಟವರು ಎಲ್ಲರೂ ಇದ್ದಾರೆ. ಕಬ್ಬಿಣ, ಸಿಮೆಂಟು ತಂದು ನೆಲೆಯೂರಲು ನೋಡಿದವರು ತುಕ್ಕನ್ನು ಬಿಟ್ಟು ಹೋದರು. ಹಗುರವಾಗಿ ಬಂದು, ಹಗುರವಾಗಿ ಎದ್ದು ಹೋಗಬಲ್ಲವರು ಮಾತ್ರ ತಲೆಮಾರುಗಟ್ಟಲೆ ಬಾಳಿದರು. ಇಂದಿನ ಟೆಂಟುಗಳು ಆ ಹಳೆಯ ಬಾಳಿನ ಕ್ರಮವನ್ನೇ ಎರವಲು ಪಡೆದಿವೆ. ಆ ಎರವಲನ್ನು ತೀರಿಸುವ ಪ್ರಯತ್ನ ಶುರುವಾಗಿ ಇನ್ನೂ ಅರ್ಧ ಶತಮಾನವೂ ಆಗಿಲ್ಲ.

ನೆಲ ಹೀಗೇಕೆ ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ದಕ್ಷಿಣದಿಂದ ಹರಿದುಬರುವ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಈ ದಡವನ್ನು ಸವರುತ್ತ ಸಾಗುತ್ತದೆ. ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ಆಳದ ತಣ್ಣೀರು ಮೇಲೇಳುತ್ತದೆ. ಅದರ ಜೊತೆ ಬರುವ ಪೋಷಕಾಂಶದಿಂದ ಸಮುದ್ರ ಮೀನುಗಳಿಂದ ತುಂಬಿ ತುಳುಕುತ್ತದೆ, ಸೀಲ್‌ಗಳು ಲಕ್ಷಗಟ್ಟಲೆ ನೆರೆಯುತ್ತವೆ. ಆದರೆ ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲಕ್ಕೇರಿ ಮೋಡವಾಗದು. ಅದು ಮಂಜಾಗಿ ನೆಲಕ್ಕೆ ಹಬ್ಬುತ್ತದೆ. ದಡದಲ್ಲಿ ವರ್ಷದ ಮಳೆ 20 ಮಿಲಿಮೀಟರ್ ದಾಟುವುದೇ ಅಪರೂಪ. ಹಾಗಾಗಿ ಇಲ್ಲಿನ ಜೀವಗಳು ಮಂಜನ್ನೇ ಕುಡಿಯಲು ಕಲಿತಿವೆ: ಒಂದು ಜಾತಿಯ ಜೀರುಂಡೆ ಮರಳಗುಡ್ಡೆಯ ನೆತ್ತಿಯಲ್ಲಿ ತಲೆ ಕೆಳಗೆ, ಬೆನ್ನು ಮೇಲೆ ಮಾಡಿ ನಿಂತು, ಬೆನ್ನ ಮೇಲೆ ಕಟ್ಟಿದ ಹನಿ ಬಾಯಿಗೆ ಇಳಿಯುವವರೆಗೂ ಕಾಯುತ್ತದೆ. ಕಲ್ಲುನೆಲದ ಮೇಲೆ ಹಬ್ಬಿದ ಕಲ್ಲುಹೂಗಳು ಬೆಳೆಯುವುದು ಎಷ್ಟು ನಿಧಾನವೆಂದರೆ, ಒಂದು ವಾಹನ ಅವುಗಳ ಮೇಲೆ ಹಾದುಹೋದ ಗುರುತು ದಶಕಗಳ ಕಾಲ ಅಳಿಯುವುದಿಲ್ಲ.

ಮಂಜು ನಾವಿಕರ ಕಣ್ಣು ಕಟ್ಟಿತು, ಪ್ರವಾಹ ಹಡಗುಗಳನ್ನು ದಡಕ್ಕೆ ಎಳೆಯಿತು, ಅಲೆಗಳು ಇಳಿದವರನ್ನು ಮತ್ತೆ ಸಮುದ್ರಕ್ಕೆ ಬಿಡಲಿಲ್ಲ. ತಿಮಿಂಗಿಲಗಳ ಎಲುಬು, ಹಡಗುಗಳ ಎಲುಬು ಅಕ್ಕಪಕ್ಕದಲ್ಲೇ ಬಿಳಿಚಿಕೊಂಡು ಬಿದ್ದವು.

ಆದರೂ ಈ ತೀರ ಬರಿದಾಗಿರಲಿಲ್ಲ. ಉಗಾಬ್, ಹುವಾಬ್, ಹೊವಾನಿಬ್, ಹೊವರುಸಿಬ್ ಎಂಬ ಹೊಳೆಗಳು ಒಳನಾಡಿನ ಬೆಟ್ಟಗಳಿಂದ ಮರುಭೂಮಿಯನ್ನು ಸೀಳಿಕೊಂಡು ಸಮುದ್ರದತ್ತ ಬರುತ್ತವೆ. ವರ್ಷದಲ್ಲಿ ಕೆಲವೇ ದಿನ ಅವುಗಳಲ್ಲಿ ನೀರು ಕಾಣುತ್ತದೆ. ಕೆಲವು ವರ್ಷ ಅದೂ ಇಲ್ಲ. ಆದರೆ ಮರಳಿನ ಅಡಿಯಲ್ಲಿ ಒರತೆ ಬತ್ತುವುದಿಲ್ಲ. ಆನೆಗಳು ಸೊಂಡಿಲಿನಿಂದ ಗುಂಡಿ ತೋಡಿ ಆ ನೀರು ಕುಡಿಯುತ್ತವೆ. ಮನುಷ್ಯರೂ ಅದೇ ದಾರಿಯಲ್ಲಿ ಓಡಾಡಿದರು. ತೀರದ ಉದ್ದಕ್ಕೂ, ಹೊಳೆಬಾಯಿಗಳ ಹತ್ತಿರ, ಕಲ್ಲುಗಳನ್ನು ದುಂಡಗೆ ಜೋಡಿಸಿದ ಬಿಡಾರದ ಗುರುತುಗಳು ನೂರಾರು ಸಿಕ್ಕಿವೆ. ಕಲ್ಲಿನ ಸುತ್ತು ಗಾಳಿಗೆ ತಡೆ; ಪಕ್ಕದಲ್ಲಿ ಚಿಪ್ಪು, ಮೂಳೆ. ಸಮುದ್ರ ಕೊಟ್ಟ ದಿನಗಳಲ್ಲಿ ಚಿಪ್ಪುಮೀನು, ದಡಕ್ಕೆ ಬಿದ್ದ ತಿಮಿಂಗಿಲ, ಸೀಲ್. ಮರಳಿನಲ್ಲಿ ಬೆಳೆಯುವ ನಾರಾ ಎಂಬ ಮುಳ್ಳುಬಳ್ಳಿಯ ಹಣ್ಣಿನಲ್ಲಿ ತಿರುಳೂ ಉಂಟು, ಎಣ್ಣೆಬೀಜವೂ ಉಂಟು. ಕಾಲ ಮುಗಿದರೆ ಹೊಳೆಯ ಜಾಡು ಹಿಡಿದು ಒಳನಾಡಿಗೆ ವಾಪಸು.

ಈ ಜನ ಪುರಾತತ್ವದ ಪುಟಗಳಲ್ಲಷ್ಟೇ ಉಳಿದವರಲ್ಲ. ಸಿಯನ್ ಸಲಿವನ್ ಮತ್ತು ವೆಲ್ಹೆಮಿನಾ ಸೂರೊ ಗಾನುಸೆಸ್ ಎಂಬ ಸಂಶೋಧಕಿಯರು ಒಳನಾಡಿನ ಸೆಸ್‌ಫಾಂಟೈನ್ ಎಂಬ ಊರಿನ ಸುತ್ತಲಿನ ಹಿರಿಯರ ನೆನಪುಗಳನ್ನು ದಾಖಲಿಸಿದ್ದಾರೆ. ಉಬುನ್ ಮತ್ತು ಡಾಮರಾ ಮನೆತನಗಳ ಆ ಹಿರಿಯರು ಕಡಲ ಬದಿಗೆ ಹೋಗಿ ನಾರಾ ಕೂಡಿಸುತ್ತಿದ್ದುದನ್ನು, ಹೊಳೆಯಂಚಿನ ಯಾವ ತಿರುವಿನಲ್ಲಿ ನೀರಿತ್ತು, ಯಾವ ಜಾಗದಲ್ಲಿ ಬಂಧುಗಳನ್ನು ಮಣ್ಣು ಮಾಡಿದೆವು ಎಂಬುದನ್ನು ಹೆಸರು ಹಿಡಿದು ಹೇಳಬಲ್ಲವರು. ನಕ್ಷೆಯಲ್ಲಿ ಖಾಲಿಯೆಂದು ಬಿಟ್ಟ ಜಾಗದ ತುಂಬ ಅವರ ಹೆಸರುಗಳಿವೆ.

ಹೊರಗಿನವರು ಬಂದದ್ದು ಕಡಲಿನಿಂದ. 1486ರಲ್ಲಿ ಪೋರ್ಚುಗೀಸ್ ನಾವಿಕ ಡಿಯೊಗೊ ಕಾವ್ ಇಂದಿನ ಕೇಪ್ ಕ್ರಾಸ್‌ನಲ್ಲಿ ತನ್ನ ದೊರೆಯ ಹೆಸರಿನ ಕಲ್ಲಿನ ಶಿಲುಬೆ ನೆಟ್ಟ. ನಾನೂರು ವರ್ಷ ಅದು ಅಲ್ಲೇ ಗಾಳಿ ತಿಂದಿತು. 1893ರಲ್ಲಿ ಜರ್ಮನ್ ನೌಕಾಪಡೆಯವರು ಕಿತ್ತು ಸಾಗಿಸಿದರು. ಬರ್ಲಿನ್ನಿನ ವಸ್ತುಸಂಗ್ರಹಾಲಯ ಅದನ್ನು ನಮೀಬಿಯಾಕ್ಕೆ ಹಿಂದಿರುಗಿಸುವುದಾಗಿ ಒಪ್ಪಿದ್ದು 2019ರಲ್ಲಿ. ಶಿಲುಬೆ ನೆಟ್ಟವರು ಇಲ್ಲಿ ನೆಲೆಸಲು ಬಂದವರಲ್ಲ. ಅವರು ಹುಡುಕುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ದಾರಿಯನ್ನು.

ಆ ದಾರಿಯ ಒಂದು ಸಾಕ್ಷಿ ಇದೇ ಮರುಭೂಮಿಯ ದಕ್ಷಿಣದ ತುದಿಯಲ್ಲಿ, ಒರಾನ್ಯೆಮುಂಡ್ ಬಳಿ, 2008ರ ಏಪ್ರಿಲ್‌ನಲ್ಲಿ ಹೊರಬಂತು. ವಜ್ರಕ್ಕಾಗಿ ಸಮುದ್ರವನ್ನೇ ಹಿಂದೆ ಸರಿಸಿ ಅಗೆಯುತ್ತಿದ್ದ ಗಣಿಯಲ್ಲಿ ಒಂದು ಹಡಗಿನ ಅವಶೇಷ ಸಿಕ್ಕಿತು. ಎರಡು ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯಗಳು, ನೂರಕ್ಕೂ ಹೆಚ್ಚು ಆನೆದಂತಗಳು, ಜರ್ಮನಿಯ ಫುಗ್ಗರ್ ಮನೆತನದ ತ್ರಿಶೂಲದ ಗುರುತು ಹೊತ್ತ ಟನ್ನುಗಟ್ಟಲೆ ತಾಮ್ರದ ಗಟ್ಟಿಗಳು. 1533ರಲ್ಲಿ ಲಿಸ್ಬನ್ನಿನಿಂದ ಭಾರತಕ್ಕೆ ಹೊರಟು ಕಣ್ಮರೆಯಾದ ‘ಬೊಂ ಜೆಸುಸ್’ ಇದೇ ಇರಬೇಕೆಂದು ತಜ್ಞರ ಅಂದಾಜು. ಆ ತಾಮ್ರಕ್ಕೆ ಗುರಿ ಇದ್ದದ್ದು ಭಾರತದ ಸಾಂಬಾರ ಪೇಟೆಗಳಲ್ಲಿ. ಪೋರ್ಚುಗೀಸರು ಯುರೋಪಿನ ಲೋಹ ಕೊಟ್ಟು ಮೆಣಸು ಕೊಳ್ಳುತ್ತಿದ್ದರು. ಅದೇ ಶತಮಾನದಲ್ಲಿ ಹೊನ್ನಾವರ, ಭಟ್ಕಳಗಳ ರೇವುಗಳಿಂದ ಘಟ್ಟದ ಕಾಳುಮೆಣಸು ಹಡಗೇರುತ್ತಿತ್ತು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಶರಾವತಿ ತೀರದ ವ್ಯಾಪಾರ ಮತ್ತು ನಮೀಬ್ ತೀರದ ಮರಳು ಒಂದೇ ಕಥೆಯ ಎರಡು ದಡಗಳೆಂದು ಈ ಗಟ್ಟಿಗಳನ್ನು ನೋಡಿದರೆ ಅನ್ನಿಸದೆ ಇರದು.

ಜರ್ಮನ್ನರು ಇಲ್ಲಿ ಆಳುತ್ತಿದ್ದ ಕಾಲಕ್ಕೆ ಬಂದರೆ ಈ ಕರಾವಳಿಯ ಚರಿತ್ರೆ ಕಪ್ಪಾಗುತ್ತದೆ. 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರ ಮೇಲೆ ನಡೆದದ್ದು ಜನಾಂಗ ಹತ್ಯೆ. ಬದುಕುಳಿದವರನ್ನು ಸ್ವಾಕೋಪ್‌ಮುಂಡ್, ಲ್ಯೂಡರಿಟ್ಜ್‌ನಂಥ ಕಡಲ ಬದಿಯ ಶಿಬಿರಗಳಿಗೆ ತಂದು ಕೂಡಿಹಾಕಿದರು. ಲ್ಯೂಡರಿಟ್ಜ್‌ನ ಶಾರ್ಕ್ ದ್ವೀಪದಲ್ಲಿ ಹರಕು ಬಟ್ಟೆ, ಚಿಂದಿ ಗೋಣಿಯ ಮರೆಗಳಲ್ಲಿ, ಕೊರೆಯುವ ಕಡಲಗಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ಜಾಗ ಮುಂದೆ ಪ್ರವಾಸಿಗರು ಟೆಂಟ್ ಹಾಕಿಕೊಳ್ಳುವ ಮೈದಾನವಾಯಿತು. ಸತ್ತವರ ವಂಶಜರು ಇದನ್ನು ವಿರೋಧಿಸುತ್ತ ಬಂದಿದ್ದಾರೆ, ಅವರ ಮಾತು ನ್ಯಾಯವಾದದ್ದು. ಕಡಲ ನೋಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಜಾಗವೂ ಬಿಡಾರಕ್ಕೆ ತಕ್ಕದ್ದಾಗುವುದಿಲ್ಲ.

1907ರಲ್ಲಿ ಗವರ್ನರ್ ಫ್ರೆಡರಿಕ್ ಫಾನ್ ಲಿಂಡೆಕ್ವಿಸ್ಟ್ ಎಟೋಶಾದ ಉಪ್ಪುಬಯಲಿನಿಂದ ಕಡಲವರೆಗೆ ಒಂದು ಭಾರೀ ವನ್ಯಜೀವಿ ಮೀಸಲು ಘೋಷಿಸಿದ. ಮರುವರ್ಷ ಲ್ಯೂಡರಿಟ್ಜ್ ಬಳಿ ರೈಲುಹಳಿಯ ಮರಳು ತೆಗೆಯುತ್ತಿದ್ದ ಜಕಾರಿಯಾಸ್ ಲೆವಾಲಾ ಎಂಬ ಕಾರ್ಮಿಕನ ಕೈಗೆ ವಜ್ರ ಸಿಕ್ಕಿತು. ದಕ್ಷಿಣದ ತೀರ ನಿಷಿದ್ಧ ಪ್ರದೇಶವಾಯಿತು. ಉತ್ತರದಲ್ಲೂ ವಜ್ರ ಇದ್ದೀತೆಂಬ ಆಸೆ ದಶಕಗಳ ಕಾಲ ಜನರನ್ನು ಎಳೆಯಿತು. ಟೊಸ್ಕಾನಿನಿ, ಟೆರೇಸ್ ಬೇ, ಮೋವೆ ಬೇಗಳಲ್ಲಿ ಗಣಿಗಾರರು ಯಂತ್ರ ಇಳಿಸಿದರು, ಎಣ್ಣೆಗೆಂದು ಬಾವಿ ಕೊರೆದರು, ಬಂದರು ಕಟ್ಟುವ ಕನಸೂ ಕಂಡರು. ಲಾಭ ಬರಲಿಲ್ಲ. ಉಪ್ಪುಮಂಜು ಕಬ್ಬಿಣವನ್ನು ತಿಂದಿತು. ಹುವಾಬ್ ಹೊಳೆಯ ಹತ್ತಿರ ಕುಸಿದು ಬಿದ್ದ ಎಣ್ಣೆಬಾವಿಯ ಗೋಪುರದ ಮೇಲೆ ಇಂದು ನೀರುಕಾಗೆಗಳು ಗೂಡು ಕಟ್ಟುತ್ತವೆ. ಟೆರೇಸ್ ಬೇಯ ಗಣಿಮನೆಗಳು ಸರ್ಕಾರಕ್ಕೆ ಸೇರಿ, ಗಾಳ ಹಾಕಲು ಬರುವವರ ತಂಗುದಾಣವಾದವು.

1971ರಲ್ಲಿ ಉಗಾಬ್‌ನಿಂದ ಕುನೇನೆ ನದಿಯವರೆಗಿನ ಸುಮಾರು 500 ಕಿಲೋಮೀಟರ್ ಉದ್ದದ ಪಟ್ಟಿ ಸ್ಕೆಲಿಟನ್ ಕೋಸ್ಟ್ ರಾಷ್ಟ್ರೀಯ ಉದ್ಯಾನವಾಯಿತು. ಆಗ ಇಲ್ಲಿ ಆಳುತ್ತಿದ್ದುದು ವರ್ಣಭೇದದ ದಕ್ಷಿಣ ಆಫ್ರಿಕಾ. ಕರಿಯರಿಗೆ ಒಳನಾಡಿನಲ್ಲಿ ಹೋಮ್‌ಲ್ಯಾಂಡ್ ಎಂಬ ಗಡಿಗಳು, ಕರಾವಳಿಯುದ್ದಕ್ಕೂ ಜನರಿಲ್ಲದ ಉದ್ಯಾನ. ಹೀಗೆ ಖಾಲಿತನವನ್ನು ಕಾಗದದ ಮೇಲೆ ಮಾಡಲಾಯಿತು. ದಕ್ಷಿಣದ ಭಾಗಕ್ಕೆ ಪರವಾನಗಿ ಪಡೆದು ಹೋಗಬಹುದಿತ್ತು, ಉಗಾಬ್ ಬಾಗಿಲಿನ ಮೇಲೆ ಬರೆದ ತಲೆಬುರುಡೆ ಮತ್ತು ಎಲುಬಿನ ಚಿತ್ರ ದಾಟಿ. ಹೊವಾನಿಬ್‌ನಿಂದ ಉತ್ತರಕ್ಕೆ ಮಾತ್ರ ಬೀಗ.

ಆ ಬೀಗದ ಕೈ ಸಿಕ್ಕಿದ್ದು ಲೌ ಸ್ಕೂಮನ್ ಎಂಬ ವಿಂಡ್‌ಹುಕ್‌ನ ವಕೀಲನಿಗೆ. ಗಣಿ, ಬಂದರುಗಳ ಆಸೆಯ ದಿನಗಳಲ್ಲೇ ಅವನು ಈ ತೀರಕ್ಕೆ ಬರಲು ಶುರುಮಾಡಿದ್ದ. ಆ ಯೋಜನೆಗಳೆಲ್ಲ ಮಣ್ಣುಗೂಡಿದವು, ಅವನಿಗೆ ಹತ್ತಿದ ತೀರದ ಹುಚ್ಚು ಬಿಡಲಿಲ್ಲ. 1977ರಲ್ಲಿ ಸಣ್ಣ ಸೆಸ್ನಾ ವಿಮಾನಗಳಲ್ಲಿ ಬೆರಳೆಣಿಕೆಯ ಅತಿಥಿಗಳನ್ನು ಕರೆತಂದು, ಹೊಳೆಪಾತ್ರದ ಬದಿಯಲ್ಲಿ ಸರಳ ಬಿಡಾರ ಹೂಡಿ, ಹಳೆಯ ಲ್ಯಾಂಡ್ ರೋವರ್‌ನಲ್ಲಿ ತಿರುಗಿಸುವ ಪ್ರವಾಸ ಆರಂಭಿಸಿದ. ಹೆಂಡತಿ ಏಮಿ ಸ್ಕೂಮನ್ ಈ ಕರಾವಳಿಯ ಬಗ್ಗೆ ಚಿತ್ರಗಳ ಸಹಿತ ಪುಸ್ತಕ ಬರೆದಳು. ಲೌ 1993ರಲ್ಲಿ ತೀರಿಕೊಂಡ. ಮಕ್ಕಳು ಕುಯ್‌ಡಾಸ್, ಪುರೊಸ್, ಕುನೇನೆ ಬಿಡಾರಗಳನ್ನು ಮುಂದುವರಿಸಿದರು. ವಿಮಾನದಲ್ಲಿ ಹಿಡಿಯುವಷ್ಟೇ ಸಾಮಾನು, ಹಳೆಯ ಚಕ್ರದ ಜಾಡಿನ ಮೇಲೇ ವಾಹನ ಎಂಬ ಶಿಸ್ತು ಇಂಥ ಬಿಡಾರಗಳ ಬುನಾದಿ. ಗಣಿಯವರು ನೆಲದ ಮೇಲೆ ಹೇರಲು ನೋಡಿ ಸೋತದ್ದನ್ನು, ಗಣಿಯ ಸಹವಾಸದಿಂದಲೇ ಬಂದ ಒಬ್ಬ ಮನುಷ್ಯ ಬಿಟ್ಟುಕೊಟ್ಟು ಗೆದ್ದ ಎನ್ನಬೇಕು.

ತಂತಿಯಿಲ್ಲದ ಜಾಗದಲ್ಲಿ ಒಂದು ಬಿಡಾರ ನಡೆಸುವುದು ಹೊರನೋಟಕ್ಕೆ ಕಾಣುವುದಕ್ಕಿಂತ ಕಷ್ಟದ ಕೆಲಸ. ಹಿಂದೆ ಸಫಾರಿ ಬಿಡಾರಗಳಲ್ಲಿ ಲಾಟೀನು, ಕಟ್ಟಿಗೆ ಒಲೆ, ಮರಕ್ಕೆ ತೂಗುಹಾಕಿದ ಬಕೆಟ್ಟಿನ ಸ್ನಾನ ಇರುತ್ತಿದ್ದವು. ಆಮೇಲೆ ಡೀಸೆಲ್ ಜನರೇಟರ್ ಬಂತು. ಅದರ ಸದ್ದು ಮರುಭೂಮಿಯ ಮೌನವನ್ನೇ ಕೆಡಿಸಿತು, ಎಣ್ಣೆಯನ್ನು ನೂರಾರು ಕಿಲೋಮೀಟರ್ ಹೊರಬೇಕಾಯಿತು. ಸೌರಫಲಕ ಮತ್ತು ಬ್ಯಾಟರಿಗಳು ಅಗ್ಗವಾದ ಮೇಲೆಯೇ ಈಗಿನ ರೂಪ ಸಾಧ್ಯವಾದದ್ದು. 2014ರಲ್ಲಿ ತೆರೆದ ಹೊವಾನಿಬ್ ಬಿಡಾರದಲ್ಲಿ ಎಂಟೇ ಟೆಂಟು, ಎಲ್ಲಕ್ಕೂ ಬಿಸಿಲಿನ ವಿದ್ಯುತ್. 2018ರಲ್ಲಿ ಹೊವಾನಿಬ್ ಮತ್ತು ಹೊವರುಸಿಬ್ ಹೊಳೆಗಳ ನಡುವೆ ಬಂದ ಶಿಪ್‌ರೆಕ್ ಲಾಡ್ಜ್‌ನಲ್ಲಿ ವಾಸ್ತುಶಿಲ್ಪಿ ನಿನಾ ಮಾರಿಟ್ಜ್ ರೂಪಿಸಿದ ಹತ್ತು ಮರದ ಕೋಣೆಗಳು, ದಡಕ್ಕೆ ಬಿದ್ದ ಹಡಗುಗಳ ಆಕಾರದಲ್ಲಿ. ಒಳಗೆ ಕಟ್ಟಿಗೆಯ ಒಲೆ, ಏಕೆಂದರೆ ಇದು ಬೆಚ್ಚಗಿನ ಬೀಚ್ ಅಲ್ಲ. ಸಂಜೆಯಾದರೆ ಕಂಬಳಿ ಬೇಕು. ಬೆಳಗಿನ ಮಂಜು ಸೌರಫಲಕವನ್ನು ಮಬ್ಬಾಗಿಸುತ್ತದೆ. ಅದು ಕರಗುವವರೆಗೂ ವಿಮಾನ ಇಳಿಯಲಾರದು. ಇಲ್ಲಿ ಒಂದು ಬಲ್ಬು ಕೆಟ್ಟರೂ ಪಕ್ಕದ ಅಂಗಡಿಯೆಂಬುದಿಲ್ಲ.

ತಂತ್ರಜ್ಞಾನ ಈ ಕಥೆಯ ಸಣ್ಣ ಭಾಗ. ದೊಡ್ಡ ಭಾಗ ಹಕ್ಕಿನದು, ಅದು ತೀರದಿಂದ ಒಳಗೆ, ಕಾವೊಕೊವೆಲ್ಡ್ ಎಂಬ ಬೆಟ್ಟಸೀಮೆಯಲ್ಲಿ ಶುರುವಾಯಿತು. 1980ರ ದಶಕದ ಆರಂಭದ ಬರದಲ್ಲಿ ಅಲ್ಲಿನ ಹಿಂಬಾ, ಹೆರೆರೊ ದನಗಾಹಿಗಳ ದನಕರುಗಳ ಬಹುಪಾಲು ಸತ್ತವು. ದಂತಕ್ಕೆ, ಖಡ್ಗಮೃಗದ ಕೊಂಬಿಗೆ ಬೇಟೆಯೂ ಮಿತಿಮೀರಿತು, ಅದರಲ್ಲಿ ಅಧಿಕಾರದಲ್ಲಿದ್ದವರ ಕೈಯೂ ಇತ್ತು. ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಕ ಊರಿನ ಹಿರಿಯರ ಬಳಿ ಕೂತು ಮಾತಾಡಿದ. ಕಾಡುಪ್ರಾಣಿ ಸರ್ಕಾರದ್ದೆಂದು ದಂಡ ಹಾಕುತ್ತ ಹೋದರೆ ಉಳಿಯುವುದಿಲ್ಲ, ಅದು ಊರಿನದಾಗಬೇಕು ಎಂಬುದು ಅವನ ನಂಬಿಕೆ. ಹಿರಿಯರು ತಮ್ಮವರನ್ನೇ ಕಾವಲಿಗೆ ಆರಿಸಿದರು. ಅವನ ಜೊತೆ ದುಡಿದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಜೇಕಬ್‌ಸನ್ ಮತ್ತು ಅವನಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ನಮೀಬಿಯಾಕ್ಕೆ ಸ್ವಾತಂತ್ರ್ಯ ಬಂದದ್ದು 1990ರಲ್ಲಿ. 1996ರ ಕಾನೂನು ತಿದ್ದುಪಡಿ ಊರಜನರಿಗೆ ತಮ್ಮ ಗಡಿ ತಾವೇ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ರಚಿಸಿ ಕನ್ಸರ್ವೆನ್ಸಿ ಎಂಬ ಸಂಘ ನೋಂದಾಯಿಸಲು ದಾರಿ ಮಾಡಿತು. ನೋಂದಣಿಯಾದರೆ ಆ ನೆಲದ ವನ್ಯಜೀವಿ ಮತ್ತು ಪ್ರವಾಸೋದ್ಯಮದ ಆದಾಯದ ಮೇಲೆ ಹಕ್ಕು. 1998ರಲ್ಲಿ ಮೊದಲು ನೋಂದಾಯಿಸಿದ ನಾಲ್ಕರಲ್ಲಿ ಟೊರ್ರಾ ಒಂದು. ಅಲ್ಲಿನ ಅನೇಕರು 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ರೀಮ್‌ವಾಸ್‌ಮಾಕ್ ಎಂಬ ತಮ್ಮ ಊರಿನಿಂದ ಬಲವಂತವಾಗಿ ಎಬ್ಬಿಸಲ್ಪಟ್ಟವರು. ನೋಂದಣಿಗೂ ಎರಡು ವರ್ಷ ಮೊದಲೇ ಅವರು ಒಂದು ಸಫಾರಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಡಾಮರಾಲ್ಯಾಂಡ್ ಬಿಡಾರ ತೆರೆದಿದ್ದರು: ಅತಿಥಿಗಳ ಹಣದಲ್ಲಿ ಊರಿಗೆ ಪಾಲು, ಕೆಲಸ ಊರಿನವರಿಗೇ. ಬೇರೆಯವರ ಉದ್ಯಾನಗಳಿಗೆ ನೆಲ ಕಳೆದುಕೊಂಡ ಪ್ರದೇಶದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಇಂದು ನಮೀಬಿಯಾದಲ್ಲಿ ಇಂಥ 86 ಕನ್ಸರ್ವೆನ್ಸಿಗಳಿವೆ, ದೇಶದ ಐದನೇ ಒಂದು ಭಾಗದಷ್ಟು ನೆಲ ಅವುಗಳಲ್ಲಿದೆ. ರಾಷ್ಟ್ರೀಯ ಉದ್ಯಾನದ ಒಳಗೇ ಇರುವ ಶಿಪ್‌ರೆಕ್ ಲಾಡ್ಜ್‌ನ ಆದಾಯದಲ್ಲೂ ಪುರೊಸ್, ಸೆಸ್‌ಫಾಂಟೈನ್ ಸಮುದಾಯಗಳಿಗೆ ಪಾಲಿದೆ.

ಪಾಲು ಸಾಕಷ್ಟೇ ಎಂಬುದು ಬೇರೆ ಪ್ರಶ್ನೆ. ಅತಿಥಿಯೊಬ್ಬನ ಒಂದು ರಾತ್ರಿಯ ದರ ಮತ್ತು ದನಗಾಹಿಯ ಮನೆಯ ವರಮಾನದ ನಡುವೆ ಅಜಗಜಾಂತರ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ ಪ್ರವಾಸಿ ಆದಾಯ ಕುಸಿದು, ಕಾವಲುಗಾರರ ಸಂಬಳಕ್ಕೆ ಹೊರಗಿನ ನೆರವು ಹುಡುಕಬೇಕಾಯಿತು.

ಅತಿಥಿಯ ಆಸೆ ಮತ್ತು ದನಗಾಹಿಯ ಬದುಕಿನ ನಡುವಿನ ತಿಕ್ಕಾಟ ಎದ್ದು ಕಾಣುವುದು ಸಿಂಹಗಳ ವಿಷಯದಲ್ಲಿ. 1980ರ ದಶಕದಲ್ಲಿ ಇಲ್ಲಿನ ಸಿಂಹಗಳು ಬೀಚಿಗಿಳಿದು ಸೀಲ್ ಬೇಟೆಯಾಡುತ್ತಿದ್ದವು. ದಶಕ ಕಳೆಯುವಷ್ಟರಲ್ಲಿ ತೀರದಿಂದ ಅಳಿದೇಹೋದವು. ಒಳನಾಡಿನಲ್ಲಿ ಉಳಿದ ಬೆರಳೆಣಿಕೆಯ ಸಿಂಹಗಳಿಂದ ಸಂತತಿ ಮತ್ತೆ ಬೆಳೆದು, ಹೊವಾನಿಬ್ ಹೊಳೆಬಾಯಿಯಲ್ಲಿ ಎಳೆಯ ಸಿಂಹಿಣಿಗಳು ನೀರುಕಾಗೆ, ಫ್ಲೆಮಿಂಗೊ, ಸೀಲ್ ಹಿಡಿಯಲು ತಾವಾಗಿ ಕಲಿತದ್ದನ್ನು ಫ್ಲಿಪ್ ಸ್ಟಾಂಡರ್ ಎಂಬ ವಿಜ್ಞಾನಿ 2019ರಲ್ಲಿ ಪ್ರಕಟಿಸಿದ. ಅತಿಥಿಗಳು ಸಾವಿರಾರು ಮೈಲಿ ದಾಟಿ ಬರುವುದು ಈ ಸಿಂಹಗಳನ್ನು ನೋಡಲು. ಅದೇ ಸಿಂಹ ರಾತ್ರಿ ಹಿಂಬಾ ಕುಟುಂಬದ ದೊಡ್ಡಿಗೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ವರ್ಷದ ದುಡಿಮೆ ಹೋಗಿರುತ್ತದೆ. ‘ವ್ಯಾನಿಷಿಂಗ್ ಕಿಂಗ್ಸ್’ ಎಂಬ ಸಾಕ್ಷ್ಯಚಿತ್ರದಿಂದ ಹೆಸರಾದ ಐದು ಗಂಡುಸಿಂಹಗಳ ಪೈಕಿ ಮೂರು 2016ರಲ್ಲಿ ವಿಷಕ್ಕೆ ಬಲಿಯಾದವು.

ಆಮೇಲೆ ಕನ್ಸರ್ವೆನ್ಸಿಗಳೇ ತಮ್ಮ ಊರಿನ ಯುವಕರನ್ನು ಸಿಂಹಗಾವಲಿಗೆ ನೇಮಿಸಿಕೊಂಡವು. ಕೊರಳಪಟ್ಟಿ ತೊಟ್ಟ ಸಿಂಹ ಹತ್ತಿರ ಬಂದರೆ ಸಂದೇಶ ಬರುತ್ತದೆ. ಅವರು ಗಾಡಿ ಹತ್ತಿ ಹೋಗಿ, ದೊಡ್ಡಿಯವರನ್ನು ಎಚ್ಚರಿಸಿ, ಪಟಾಕಿ ಸಿಡಿಸಿ ಅದನ್ನು ಹಿಂದಕ್ಕೆ ಅಟ್ಟುತ್ತಾರೆ. ದೊಡ್ಡಿಗಳ ಬೇಲಿ ಎತ್ತರಿಸುವುದು, ಸತ್ತ ಆಕಳಿನ ಹೆಜ್ಜೆಗುರುತು ಪರೀಕ್ಷಿಸಿ ವರದಿ ಬರೆಯುವುದು, ನೊಂದ ಮನೆಯವರ ಬೈಗುಳ ಕೇಳಿಸಿಕೊಳ್ಳುವುದು ಎಲ್ಲವೂ ಅವರ ಪಾಲಿನ ಕೆಲಸ. ಬಿಡಾರದ ಅತಿಥಿ ಮರುದಿನ ಬೆಳಿಗ್ಗೆ ಸಿಂಹವನ್ನು ನೋಡುತ್ತಾನೋ ಇಲ್ಲವೋ ಎಂಬುದು ಹಿಂದಿನ ರಾತ್ರಿ ಆ ಯುವಕರು ಎಷ್ಟು ಬೇಗ ದೊಡ್ಡಿ ತಲುಪಿದರು ಎಂಬುದರ ಮೇಲೆ ನಿಂತಿದೆ.